ಅಮ್ಮನ ಜೊತೆ ಯಲಹಂಕದಲ್ಲಿ ನಾಲ್ಕು ದಿನ

ನನ್ನ ತಮ್ಮ ವಾಯುಪಡೆಯ ಅಧಿಕಾರಿಯಾಗಿ ಒಂದೂವರೆ ವರ್ಷವಾಯಿತು. ದುಂಡಿಗಲ್‌ನ ವಾಯುಪಡೆ ಅಕಾಡೆಮಿಯ ಪರೇಡ್‌ಗೆ ಅಪ್ಪ ಮಾತ್ರ ಹೋಗಿದ್ದರು. ಆಗ ಅಮ್ಮನ ಕಾಲು ಮುರಿದು ಪಟ್ಟಿ ಹಾಕಿದ್ದರು. ಅವನು ಯಲಹಂಕಕ್ಕೆ ಬಂದ ಮೇಲೆ ಅಮ್ಮನದು ಒಂದೇ ಹಟ. ಅವನು ಎಲ್ಲಿ ಮಲಗುತ್ತಾನೆ, ಏನು ತಿನ್ನುತ್ತಾನೆ, ಯಾರ ಜೊತೆ ಇರುತ್ತಾನೆ, ಒಂದು ಸಲ ಕಣ್ಣಾರೆ ನೋಡಬೇಕು. ವಿಮಾನ ನೋಡುವ ಆಸೆ ಅವಳಿಗೆ ಇರಲೇ ಇಲ್ಲ. ವಿಮಾನ ಅಂದರೆ ಅವಳಿಗೆ ಭಯ.

ಡಿಸೆಂಬರ್‌ನಲ್ಲಿ ಹೊರಟೆವು. ಅಮ್ಮ, ನಾನು, ನನ್ನ ಹನ್ನೆರಡು ವರ್ಷದ ಮಗ. ಅಪ್ಪ ಬರಲಿಲ್ಲ, ತೋಟದಲ್ಲಿ ಅಡಿಕೆ ಕೊನೆ ಕೊಯ್ಲು ಶುರುವಾಗಿತ್ತು. ಸಾಗರದಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಕು ಹರಿಯುವ ಮೊದಲೇ ಮೆಜೆಸ್ಟಿಕ್.

ಶುಕ್ರವಾರ

ಮೆಜೆಸ್ಟಿಕ್‌ನಲ್ಲಿ ಇಳಿದಾಗಲೇ ಮೊದಲ ಎಡವಟ್ಟು ಗೊತ್ತಾಯಿತು. ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಬ್ಯಾಗಿನಲ್ಲಿ ಅಡ್ಡ ಬಿದ್ದು, ರಸ ಸೋರಿ, ನನ್ನ ಮಗನ ಬಟ್ಟೆಗಳೆಲ್ಲ ಹಾಳು. ಉಳಿದಿದ್ದು ಮೂರು ಟೀ ಶರ್ಟ್ ಮಾತ್ರ. ಉಪ್ಪಿನಕಾಯಿ ಒಯ್ಯುವವರು ಬಾಟಲಿಯನ್ನು ಎರಡು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ, ಕೈಚೀಲದಲ್ಲಿ ನೆಟ್ಟಗೆ ಇಟ್ಟುಕೊಳ್ಳಿ. ಬಟ್ಟೆಯ ಬ್ಯಾಗಿಗೆ ಮಾತ್ರ ಹಾಕಬೇಡಿ.

ಯಲಹಂಕ ನ್ಯೂ ಟೌನ್‌ನಲ್ಲಿ ಒಂದು ಸಣ್ಣ ಲಾಡ್ಜ್‌ನಲ್ಲಿ ಉಳಿದೆವು. ಬೆಳಗ್ಗೆ ಎಂಟು ಗಂಟೆಯಾದರೂ ಮಂಜು ಬಿಟ್ಟಿರಲಿಲ್ಲ. ಚಳಿ ನಮ್ಮ ಮಲೆನಾಡಿಗಿಂತ ಜಾಸ್ತಿಯೇ ಅನ್ನಿಸಿತು.

ಮಧ್ಯಾಹ್ನ ಎರಡೂವರೆಗೆ ವಾಯುನೆಲೆಯ ಗೇಟಿಗೆ ಹೋದೆವು. ನಮ್ಮ ಹೆಸರುಗಳನ್ನು ತಮ್ಮ ಮೊದಲೇ ಕೊಟ್ಟಿದ್ದ. ಆಧಾರ್ ತೋರಿಸಿ, ರಿಜಿಸ್ಟರ್‌ನಲ್ಲಿ ಬರೆಸಿ, ಪಾಸ್ ತೆಗೆದುಕೊಳ್ಳಬೇಕು. ಆಧಾರ್ ಮೂಲ ಪ್ರತಿಯೇ ಇಟ್ಟುಕೊಂಡಿರಿ. ಒಳಗೆ ಎಲ್ಲೂ ಫೋಟೋ ತೆಗೆಯುವಂತಿಲ್ಲ, ಹಾಗಾಗಿ ಈ ಬರಹದ ಜೊತೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ.

ಬ್ಯಾಗ್ ನೋಡುತ್ತಿದ್ದ ಸಾರ್ಜೆಂಟ್‌ಗೆ ನಲವತ್ತು ದಾಟಿರಬಹುದು. ಚೀಲ ಬಿಚ್ಚಿದ್ದೇ ತಡ ಅವರ ಮುಖ ಅರಳಿತು. "ಏನ್ ವಾಸ್ನಿರಿ ಅಮ್ಮಾರ ಇದು!" ಗದಗದ ಕಡೆಯವರಂತೆ. ಅಮ್ಮ ತಕ್ಷಣ ನಾಲ್ಕು ಮಿಡಿ ತೆಗೆದುಕೊಡಲು ಹೋದಳು. "ಡ್ಯೂಟಿ ಮ್ಯಾಲೆ ಇದ್ದಾಗ ತಗೊಳ್ಳಂಗಿಲ್ರಿ, ತಪ್ಪು ತಿಳ್ಕೋಬ್ಯಾಡ್ರಿ" ಅಂದರು. ಅಷ್ಟರಲ್ಲಿ ತಮ್ಮ ಬಂದ. ಅವರು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಇವನೂ ಹೊಡೆದ. ಆಮೇಲೆ ಇವನು ಅವರ ಮಗಳ ಪರೀಕ್ಷೆ ಹೇಗಾಯಿತು ಅಂತ ಹಿಂದಿಯಲ್ಲಿ ಕೇಳಿದ.

ಸ್ವಲ್ಪ ದೂರ ಹೋದ ಮೇಲೆ ಅಮ್ಮ ಮೆಲ್ಲಗೆ ಕೇಳಿದಳು, "ಪುಟ್ಟ, ಅವ್ರು ನಿನ್ಗಿಂತ ಎಷ್ಟು ದೊಡ್ಡವ್ರು. ನಿಂಗೆ ಕೈ ಎತ್ತೋದು ಸರಿನಾ?"

"ಅದು ನಂಗಲ್ಲಮ್ಮ. ರಾಷ್ಟ್ರಪತಿ ಕೊಟ್ಟ ಕಮಿಷನ್‌ಗೆ, ಅಂದ್ರೆ ಅಧಿಕಾರಿಯ ನೇಮಕಕ್ಕೆ. ಇಲ್ಲಿ ಬಂದ ಮೊದಲ ವಾರ ನಂಗೆ ಕೆಲ್ಸ ಹೇಳಿಕೊಟ್ಟಿದ್ದೇ ಅವ್ರ ಥರದವ್ರು."

ಅವನ ಭುಜದ ಮೇಲೆ ಇರುವುದು ಒಂದೇ ಪಟ್ಟಿ, ಫ್ಲೈಯಿಂಗ್ ಆಫೀಸರ್. ಎರಡು ವರ್ಷಕ್ಕೆ ಇನ್ನೊಂದು ಪಟ್ಟಿ ಬಂದರೆ ಫ್ಲೈಟ್ ಲೆಫ್ಟಿನೆಂಟ್. ಆರು ವರ್ಷಕ್ಕೆ ಸ್ಕ್ವಾಡ್ರನ್ ಲೀಡರ್. ನನ್ನ ಮಗ ತಾನೂ ಸೆಲ್ಯೂಟ್ ಹೊಡೆದು ತೋರಿಸಿದ, ಅಂಗೈ ಪೂರ್ತಿ ಮುಂದೆ ಮಾಡಿ. "ಅದು ಭೂಸೇನೆದು ಕಣೋ" ಅಂತ ಮಾಮ ಅವನ ಕೈ ಹಿಡಿದು ತಿರುಗಿಸಿದ. ನೌಕಾಪಡೆಯಲ್ಲಿ ಅಂಗೈ ಕೆಳಗೆ. ವಾಯುಪಡೆಯದು ಎರಡರ ನಡುವೆ, 45 ಡಿಗ್ರಿ ಓರೆ. 2006ರಲ್ಲಿ ಬದಲಾಯಿಸಿದ್ದಂತೆ. ಆ ಹೊತ್ತಿನಿಂದ ಊರಿಗೆ ಬರುವವರೆಗೂ ಹುಡುಗ ಎಲ್ಲರಿಗೂ 45 ಡಿಗ್ರಿಯಲ್ಲೇ ಹೊಡೆದ.

ಮದುವೆಯಾಗದ ಅಧಿಕಾರಿಗಳು ಮೆಸ್ಸಿನಲ್ಲೇ ಇರುತ್ತಾರೆ. ಅವನದು ಒಂದು ಕೋಣೆ. ಮಂಚ, ಮೇಜು, ಇಸ್ತ್ರಿ ಮಾಡಿ ನೇತು ಹಾಕಿದ ಸಮವಸ್ತ್ರ, ಮೂಲೆಯಲ್ಲಿ ಕಪ್ಪು ಟ್ರಂಕು. ಅದರ ಮೇಲೆ ಬಿಳಿ ಬಣ್ಣದಲ್ಲಿ ಅವನ ಹೆಸರು, ಸರ್ವಿಸ್ ನಂಬರ್. ಮನೆಯಲ್ಲಿ ಟವೆಲ್ ಕೂಡ ಹಾಸಿಗೆ ಮೇಲೆ ಬಿಡುತ್ತಿದ್ದ ಹುಡುಗ ಇವನು. ಹಾಸಿಗೆಯ ಮೇಲೆ ಒಂದು ಸುಕ್ಕಿರಲಿಲ್ಲ. ಅಮ್ಮ ಮಂಚದ ಮೇಲೆ ಕೂರದೆ ಕುರ್ಚಿಯಲ್ಲೇ ಕೂತಳು, ಹಾಳಾಗುತ್ತದೆ ಅಂತ.

ಸಂಜೆ ಅವನ ಫ್ಲೈಟ್ ಕಮಾಂಡರ್ ಮನೆಗೆ ಚಹಾಕ್ಕೆ ಕರೆದಿದ್ದರು. ಹೊಸದಾಗಿ ಬಂದ ಅಧಿಕಾರಿ ಹಿರಿಯರ ಮನೆಗೆ ಹೋಗಿ ಮಾತಾಡಿಸಿ ಬರುವುದು ಅಲ್ಲಿ ಪದ್ಧತಿ, 'ಕಾಲ್ ಆನ್' ಅನ್ನುತ್ತಾರೆ. ಮನೆಯವರು ಊರಿಂದ ಬಂದರೆ ಅವರನ್ನೂ ಕರೆಯುತ್ತಾರೆ. ದಾರಿಯಲ್ಲಿ ಸೂರ್ಯ ಮುಳುಗುವ ಹೊತ್ತು, ಎಲ್ಲೋ ಬ್ಯೂಗಲ್ ಊದಿತು. ನಮ್ಮ ಮುಂದೆ ಸೈಕಲ್‌ನಲ್ಲಿ ಹೋಗುತ್ತಿದ್ದ ಹುಡುಗ ಇಳಿದು ನಿಂತ. ಒಂದು ಜೀಪು ನಿಂತಿತು. ವಾಕಿಂಗ್ ಬಂದ ಹೆಂಗಸರು ನಿಂತರು. ತಮ್ಮ ಅಟೆನ್ಷನ್. ಧ್ವಜ ಇಳಿಸುತ್ತಿದ್ದಾರೆ ಅಂತ ಆಮೇಲೆ ಹೇಳಿದ. ಬ್ಯೂಗಲ್ ನಿಂತ ಮೇಲೆ ಎಲ್ಲರೂ ಏನೂ ಆಗದವರಂತೆ ನಡೆದುಹೋದರು. ನಮ್ಮೂರಲ್ಲಿ ಸಂಜೆ ದೀಪ ಹಚ್ಚುವಾಗ ಮಾತು ನಿಲ್ಲಿಸುತ್ತೇವಲ್ಲ, ಅದೇ ಥರ ಒಂದು ನಿಮಿಷ.

ಆ ಮನೆಯ ಸೋಫಾ ನೋಡಿದಾಗ ಚೆನ್ನಾಗಿದೆ ಅನ್ನಿಸಿತ್ತು. ಕೂತ ಮೇಲೆ ಗೊತ್ತಾಯಿತು, ಅದು ಕಪ್ಪು ಟ್ರಂಕುಗಳ ಸಾಲು, ಮೇಲೆ ಹಾಸಿಗೆ, ಅದರ ಮೇಲೆ ರಾಜಸ್ಥಾನದ ಬೆಡ್‌ಶೀಟ್. ಎರಡು ಮೂರು ವರ್ಷಕ್ಕೊಮ್ಮೆ ವರ್ಗ ಆಗುವವರಿಗೆ ಇದಕ್ಕಿಂತ ಒಳ್ಳೆಯ ಪೀಠೋಪಕರಣ ಇಲ್ಲ. ಸಾಮಾನು ತುಂಬಲೂ ಅದೇ, ಕೂರಲೂ ಅದೇ. ಮನೆಯಾಕೆ ಲೂಧಿಯಾನಾದವರು. ಅಮ್ಮ ನಲವತ್ತು ವರ್ಷದ ಹಿಂದೆ ಹಿಂದಿ ಪ್ರಚಾರ ಸಭಾದ ಪರೀಕ್ಷೆ ಬರೆದಿದ್ದಳು. ಆ ಪುಸ್ತಕದ ಹಿಂದಿಯನ್ನೆಲ್ಲ ಅವತ್ತು ಹೊರಗೆ ತೆಗೆದಳು. ಅಡುಗೆಮನೆಯಲ್ಲಿ ಇಬ್ಬರೂ ಉಪ್ಪಿನಕಾಯಿ ರುಚಿ ನೋಡುತ್ತ ನಿಂತಿದ್ದಾಗ ಅಮ್ಮ ಅವರನ್ನು ನೇರವಾಗಿ ಕೇಳಿಯೇಬಿಟ್ಟಳು, ಹೆದರಿಕೆ ಆಗುವುದಿಲ್ಲವೇ ಅಂತ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮದುವೆಯಾದ ಹೊಸದರಲ್ಲಿ ತುಂಬಾ ಆಗುತ್ತಿತ್ತು, ಈಗಲೂ ಆಗುತ್ತದೆ, ಆದರೆ ಕೆಲಸ ಮಾಡುತ್ತಾ ಇರುತ್ತೇನೆ ಅಂದರು. ಗಂಡ ಎಷ್ಟು ಹೊತ್ತಿಗೆ ಹಾರುತ್ತಾರೆ ಅಂತ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಇಳಿದ ಮೇಲೆ 'ಚಹಾ ಇಡು' ಅಂತ ಒಂದು ಮೆಸೇಜ್ ಬರುತ್ತದೆ. ಮನೆಗೆ ಬರುವುದು ಮೂರು ಗಂಟೆ ತಡವಾದರೂ ಪರವಾಗಿಲ್ಲ, ಆ ಮೆಸೇಜ್ ಬಂದರೆ ಸಾಕು.

ಅಮ್ಮ ಆಮೇಲೆ ಲಾಡ್ಜ್‌ಗೆ ಬರುವವರೆಗೂ ಜಾಸ್ತಿ ಮಾತಾಡಲಿಲ್ಲ. ತಮ್ಮನಿಂದ ಅವಳಿಗೆ ದಿನಾ ಒಂದು ಮೆಸೇಜ್ ಬರುತ್ತದೆ, 'ಊಟ ಆಯ್ತು' ಅಂತ. ಒಮ್ಮೆ ಬೆಳಗ್ಗೆ ಹತ್ತಕ್ಕೆ, ಒಮ್ಮೆ ಸಂಜೆ ನಾಲ್ಕೂವರೆಗೆ, ಒಮ್ಮೊಮ್ಮೆ ರಾತ್ರಿ ಹತ್ತೂವರೆ. ಹೊತ್ತಿಗೆ ಸರಿಯಾಗಿ ತಿನ್ನುವುದಿಲ್ಲ ಅಂತ ಅವನಿಗೆ ಎಷ್ಟು ಸಲ ಬೈದಿದ್ದಾಳೋ.

ಶನಿವಾರ

ಅವತ್ತು ತಮ್ಮ ಆರ್ಡರ್ಲಿ ಆಫೀಸರ್. ಇಪ್ಪತ್ನಾಲ್ಕು ಗಂಟೆಯ ಡ್ಯೂಟಿ, ಕಿರಿಯರಿಗೆ ಸರದಿಯ ಮೇಲೆ ಬರುತ್ತದೆ. ಏರ್‌ಮನ್‌ಗಳ ಮೆಸ್ಸಿಗೆ ಹೋಗಿ ಊಟದ ರುಚಿ ನೋಡಬೇಕು, ರಾತ್ರಿ ಕಾವಲುಗಾರರನ್ನು ಹೋಗಿ ನೋಡಬೇಕು. ಬಡಿಸುವ ಮುಂಚೆ ಸಾರಿಗೆ ಉಪ್ಪು ಸರಿಯಿದೆಯಾ ಅಂತ ನೋಡುವುದೂ ಪೈಲಟ್‌ನ ಕೆಲಸ ಅಂತ ಕೇಳಿ ಅಮ್ಮನಿಗೆ ನಿಜಕ್ಕೂ ಸಂತೋಷವಾಯಿತು.

ಹಾಗಾಗಿ ನಾವು ಮೂವರೇ ಮಲ್ಲೇಶ್ವರಕ್ಕೆ ಹೊರಟೆವು. ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ಹತ್ತಿರ ಟ್ರಾಫಿಕ್ ನಿಂತೇಬಿಟ್ಟಿತು. ವಾಯುಪಡೆಯ ಟ್ರೈನಿಂಗ್ ಕಮಾಂಡ್‌ನ ಕೇಂದ್ರ ಕಚೇರಿ ಆ ಕಡೆಯೇ ಇದೆ ಅಂತ ಆಟೋದವರು ಕೈ ತೋರಿಸಿದರು. ನಾವು ಯಾರನ್ನು ನೋಡಲು ಬಂದವರು ಅಂತ ಗೊತ್ತಾದ ಮೇಲೆ ಅವರು ತಮ್ಮ ಬಾಮೈದನ ಕಥೆ ಹೇಳಿದರು. ಅವನದು ಯಲಹಂಕದಲ್ಲಿ ಕೋಳಿ ಅಂಗಡಿ. 1996ರಿಂದ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುವುದು ಇಲ್ಲೇ ಅಲ್ವಾ, ಆಗೆಲ್ಲ ವಾಯುನೆಲೆಯ ಸುತ್ತ ಕೆಲವು ವಾರ ಮಾಂಸದ ಅಂಗಡಿ ಮುಚ್ಚಿಸುತ್ತಾರೆ. ಎಸೆದ ಚೂರುಗಳಿಗೆ ಹದ್ದುಗಳು ಬರುತ್ತವೆ, ಹದ್ದು ಎಂಜಿನ್‌ಗೆ ಸಿಕ್ಕರೆ ವಿಮಾನಕ್ಕೇ ಅಪಾಯ. "ವ್ಯಾಪಾರ ಹೋಗತ್ತೆ ಮೇಡಂ, ಬೇಜಾರೇ. ಆದ್ರೆ ಮೇಲಿರೋದೂ ಯಾರದೋ ಮಗ ಅಲ್ವಾ" ಅಂದರು. ಅಮ್ಮ ಇಳಿಯುವಾಗ ಅವರಿಗೆ ಒಂದು ಕಟ್ಟು ಹಲಸಿನ ಹಪ್ಪಳ ಕೊಟ್ಟಳು.

ಶನಿವಾರ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ ತಿನ್ನಬೇಕೆಂದರೆ ಬೇಗ ಹೋಗಬೇಕು. ನಾವು ಒಂಬತ್ತೂವರೆಗೆ ಹೋದಾಗ ಫುಟ್‌ಪಾತ್ ತುಂಬಾ ಜನ. ಮಗನಿಗೆ ಹಸಿವು ತಡೆಯಲಿಲ್ಲ. ಅದೇ ಮಾರ್ಗೋಸಾ ರಸ್ತೆಯಲ್ಲಿ ಮುಂದೆ ನಡೆದು ವೀಣಾ ಸ್ಟೋರ್ಸ್‌ನಲ್ಲಿ ನಿಂತುಕೊಂಡೇ ಇಡ್ಲಿ ತಿಂದೆವು. ಆ ಚಟ್ನಿಗೆ ಅಮ್ಮ ಎರಡು ಸಲ ಹೋಗಿ ಬಂದಳು. ಎಂಟನೇ ಕ್ರಾಸ್‌ನಲ್ಲಿ ಅವರೆಕಾಯಿ ರಾಶಿ ರಾಶಿ ಬಿದ್ದಿತ್ತು, ಸೊಗಡಿನ ವಾಸನೆ ಇಡೀ ಬೀದಿಗೆ. ಎರಡು ಕೆಜಿ ತಂದು, ಲಾಡ್ಜ್‌ನಲ್ಲಿ ಟಿವಿ ನೋಡುತ್ತ ಬಿಡಿಸಿದೆವು. ಭಾನುವಾರ ಅದನ್ನು ಮೆಸ್ಸಿನ ಅಡುಗೆಯವರಿಗೆ ಕೊಡುವುದು ಅಮ್ಮನ ಯೋಜನೆ.

ರಾತ್ರಿ ಅಮ್ಮನಿಗೆ ನಿದ್ದೆ ಬರಲಿಲ್ಲ. ತಮ್ಮ ಕಲಿಯುತ್ತಿರುವುದು ಎಎನ್-32. ರೆಕ್ಕೆಯ ಮೇಲೆ ಎತ್ತರದಲ್ಲಿ ಎರಡು ಎಂಜಿನ್ ಇರುವ ಸಾರಿಗೆ ವಿಮಾನ, 1984ರಿಂದ ವಾಯುಪಡೆಯಲ್ಲಿದೆ. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ಅಂಥದ್ದೇ ವಿಮಾನ ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಒಳಗೆ 29 ಜನ. ಸಮುದ್ರದ ತಳದಲ್ಲಿ, ಸುಮಾರು 3,400 ಮೀಟರ್ ಆಳದಲ್ಲಿ ಅವಶೇಷ ಸಿಕ್ಕಿದೆ ಅಂತ ಹೇಳಿದ್ದು 2024ರ ಜನವರಿಯಲ್ಲಿ. ಏಳೂವರೆ ವರ್ಷ ಆ ಮನೆಗಳಲ್ಲಿ ಹೇಗಿದ್ದಿರಬಹುದು ಅಂತ ಅಮ್ಮ ಕತ್ತಲಲ್ಲಿ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೈ ಹಿಡಿದುಕೊಂಡು ಮಲಗಿದೆ.

ಭಾನುವಾರ

ತಮ್ಮ ಡ್ಯೂಟಿ ಮುಗಿಸಿ, ಎರಡು ಗಂಟೆ ಮಲಗಿ, ಇಬ್ಬರು ಕೋರ್ಸ್‌ಮೇಟ್‌ಗಳ ಜೊತೆ ಬಂದ. ಒಬ್ಬ ಹರಿಯಾಣದ ಹುಡುಗ, ಇನ್ನೊಬ್ಬಳು ಪಾಲಕ್ಕಾಡಿನ ಹುಡುಗಿ. ನಾಲ್ಕು ಜನ ದುಡ್ಡು ಹಾಕಿ ಕೊಂಡ ಒಂದು ಹಳೆಯ ಕಾರು, ಯಾರಿಗೆ ಮನೆಯವರು ಬರುತ್ತಾರೋ ಅವತ್ತು ಕಾರು ಅವರದು. ಅಲ್ಲಿ ತಮ್ಮನ ಹೆಸರನ್ನು ಯಾರೂ ಕರೆಯುವುದಿಲ್ಲ, ಅವನು 'ಮಲ್ನಾಡ್'. ಕೋರ್ಸ್‌ಮೇಟ್ ಅನ್ನುವ ಮಾತಿಗೆ ಕನ್ನಡದಲ್ಲಿ ಸಹಪಾಠಿ ಅಂದರೆ ಸಾಲದು. ಒಟ್ಟಿಗೆ ತರಬೇತಿ ಪಡೆದವರು ಇಡೀ ಸೇವೆಯ ಉದ್ದಕ್ಕೂ ಸಮಾನರು, ಹೆಸರಿಡಿದು ಕರೆಯಬಹುದು. ಆರೇ ತಿಂಗಳು ಮುಂಚೆ ಬಂದವರಾದರೆ ಕೊನೆಯವರೆಗೂ 'ಸರ್'. ಪಾಲಕ್ಕಾಡಿನ ಹುಡುಗಿಯ ಅಮ್ಮ ಆಸ್ಪತ್ರೆಯಲ್ಲಿದ್ದಾಗ ರಜೆಯಲ್ಲಿದ್ದ ಹರಿಯಾಣದವನು ಊರಿಗೆ ಹೋಗದೆ ಪಾಲಕ್ಕಾಡಿಗೆ ಹೋಗಿ ಕೂತಿದ್ದನಂತೆ. ಅದನ್ನು ಅವಳು ಹೇಳಿದಾಗ ಅವನು ಕಿಟಕಿಯಾಚೆ ನೋಡುತ್ತಿದ್ದ.

ಎಚ್‌ಎಎಲ್‌ ವಿಮಾನ ಮ್ಯೂಸಿಯಂ ಹಳೆ ಏರ್‌ಪೋರ್ಟ್ ರಸ್ತೆಯಲ್ಲಿದೆ. ಮಕ್ಕಳಿದ್ದರೆ ಅರ್ಧ ದಿನವನ್ನೇ ಇಟ್ಟುಕೊಳ್ಳಿ, ಮತ್ತೆ ಟೋಪಿ ಇರಲಿ, ಹೊರಗೆ ನಿಲ್ಲಿಸಿದ ವಿಮಾನಗಳ ಹತ್ತಿರ ಬಿಸಿಲು ಡಿಸೆಂಬರ್‌ನಲ್ಲೂ ಚುರುಕು. ಎಚ್‌ಎಎಲ್‌ನ ಎಂಜಿನಿಯರ್ ಘಾಟಗೆ ಅವರು ವಿನ್ಯಾಸ ಮಾಡಿದ ಎಚ್‌ಟಿ-2 ನನಗೆ ತುಂಬಾ ಇಷ್ಟವಾಯಿತು. 1951ರಲ್ಲಿ ಇದೇ ಬೆಂಗಳೂರಿನಲ್ಲಿ ಮೊದಲು ಹಾರಿದ ಪುಟ್ಟ ತರಬೇತಿ ವಿಮಾನ. ಎಷ್ಟೋ ಪೈಲಟ್‌ಗಳು ಅದರಲ್ಲಿ ಕಲಿತಿದ್ದಾರೆ. ಪಕ್ಕದಲ್ಲಿ 1961ರ ಮಾರುತ್, ಜರ್ಮನಿಯಿಂದ ಬಂದ ವಿಮಾನ ವಿನ್ಯಾಸಕ ಕರ್ಟ್ ಟ್ಯಾಂಕ್ ಇಲ್ಲಿನವರ ಜೊತೆ ಕೂತು ಮಾಡಿದ ಜೆಟ್. ತಮ್ಮ ಮೊದಲ ಸಲ ಒಬ್ಬನೇ ಹಾರಿದ್ದು ದುಂಡಿಗಲ್‌ನಲ್ಲಿ, ಪಿಲಾಟಸ್ ಅನ್ನುವ ತರಬೇತಿ ವಿಮಾನದಲ್ಲಿ. ಇಳಿದ ಮೇಲೆ ಗೆಳೆಯರು ಬಕೆಟ್‌ಗಟ್ಟಲೆ ನೀರು ಸುರಿದರಂತೆ. ಅಮ್ಮ ಪಾಲಕ್ಕಾಡಿನ ಹುಡುಗಿಗೆ, "ನಿಂಗೂ ಸುರಿದ್ರಾ?" ಅಂತ ಕೇಳಿದಳು. "ನಂಗೆ ಎರಡು ಬಕೆಟ್ ಜಾಸ್ತಿ ಆಂಟಿ" ಅಂದಳು. ಹೆಣ್ಣುಮಕ್ಕಳು ವಾಯುಪಡೆಯಲ್ಲಿ ಪೈಲಟ್ ಆಗಲು ಶುರುವಾಗಿದ್ದು 1994ರಲ್ಲಿ, ಫೈಟರ್‌ಗೆ ಬಂದಿದ್ದು 2016ರಲ್ಲಿ.

ಕಾಫಿ ಕುಡಿಯುವಾಗ ಅವರಿಗೆ ಗೊತ್ತಿರುವ ಒಬ್ಬ ಹಿರಿಯರು ಸಂಸಾರದ ಜೊತೆ ಸಿಕ್ಕರು. ಎರಡು ನಿಮಿಷ ಮಾತಾಡಿ ಹೋದರು. ನಾವು ದುಡ್ಡು ಕೊಡಲು ಹೋದರೆ ಬಿಲ್ ಆಗಲೇ ಆಗಿತ್ತು. ಸೀನಿಯರ್ ಇರುವಾಗ ಜೂನಿಯರ್ ಜೇಬಿಗೆ ಕೈ ಹಾಕುವ ಪದ್ಧತಿ ಇಲ್ಲ, ನಾಳೆ ಇವರೂ ತಮ್ಮ ಕಿರಿಯರಿಗೆ ಹೀಗೇ ಮಾಡಬೇಕು.

ಸಂಜೆ ಮೆಸ್ಸಿಗೆ ಹೊರಟಾಗ ಎರಡನೇ ಎಡವಟ್ಟು. ಗಂಡಸರು ಕಾಲರ್ ಇಲ್ಲದ ಟೀ ಶರ್ಟ್, ಚಪ್ಪಲಿ ಹಾಕಿಕೊಂಡು ಮೆಸ್ಸಿನೊಳಗೆ ಹೋಗುವಂತಿಲ್ಲ. ಮಗನ ಕಾಲರ್ ಇರುವ ಅಂಗಿಗಳೆಲ್ಲ ಉಪ್ಪಿನಕಾಯಿಯಲ್ಲಿ ನೆಂದಿದ್ದವು. ಹರಿಯಾಣದ ಹುಡುಗ ತನ್ನ ಬಿಳಿ ಅಂಗಿ ತಂದು, ತೋಳು ಮಡಿಸಿ, ಹಿಂದೆ ಪಿನ್ ಹಾಕಿ ಸರಿಮಾಡಿದ. ಪಕ್ಕದ ಕೋಣೆಯಿಂದ ಬೂಟು ಬಂತು, ಮುಂದೆ ಕಾಗದ ತುರುಕಿ ಹಾಕಿಕೊಂಡ. ನಿಮ್ಮವರು ಯಾರಾದರೂ ಅಲ್ಲಿದ್ದರೆ ಹೋಗುವಾಗ ಒಂದು ಅಂಗಿ, ಒಂದು ಜೊತೆ ಬೂಟು ಮರೆಯಬೇಡಿ.

ಊಟಕ್ಕೆ ಮೊದಲು ಕೂರುವ ಹಾಲ್‌ಗೆ ಅಲ್ಲಿ 'ಆ್ಯಂಟೆ ರೂಮ್' ಅನ್ನುತ್ತಾರೆ. ಅಮ್ಮ ಬಾಗಿಲಲ್ಲಿ ಕಂಡ ಕೂಡಲೇ ಒಳಗಿದ್ದ ಏಳೆಂಟು ಹುಡುಗರೂ ಎದ್ದು ನಿಂತರು. ಒಬ್ಬೊಬ್ಬರಾಗಿ ಬಂದು ಮಾತಾಡಿಸಿದರು. ಅಮ್ಮ "ಕೂತ್ಕೊಳ್ಳಿ, ಕೂತ್ಕೊಳ್ಳಿ" ಅನ್ನುತ್ತಲೇ ಇದ್ದಳು, ಅವಳು ಕೂರುವವರೆಗೆ ಅವರು ಕೂರಲಿಲ್ಲ. ಬಾರ್ ಬೇರೆ ಇದೆ. ಟೋಪಿ ಹಾಕಿಕೊಂಡು ಮರೆತು ಅದರೊಳಗೆ ಕಾಲಿಟ್ಟರೆ ಗಂಟೆ ಬಾರಿಸುತ್ತಾರೆ, ಟೋಪಿಯವನು ಅಲ್ಲಿರುವ ಎಲ್ಲರಿಗೂ ಕೊಡಿಸಬೇಕು. ಕುಡಿಯದವರಿಗೆ ಬಲವಂತ ಇಲ್ಲ ಅನ್ನುವುದನ್ನು ಅಮ್ಮ ಮೂರು ಜನರ ಹತ್ತಿರ ಬೇರೆ ಬೇರೆಯಾಗಿ ಕೇಳಿ ಖಚಿತ ಮಾಡಿಕೊಂಡಳು.

ಊಟದ ಮೇಜಿನಲ್ಲಿ ಅವರು ಡೈನಿಂಗ್ ಇನ್ ನೈಟ್ ಬಗ್ಗೆ ಹೇಳಿದರು. ಎಲ್ಲ ಅಧಿಕಾರಿಗಳೂ ಒಂದೇ ಉದ್ದ ಮೇಜಿನಲ್ಲಿ ಕೂರುವ ರಾತ್ರಿ ಅದು. ಹಿರಿಯರು ಶುರು ಮಾಡದೆ ಯಾರೂ ಚಮಚ ಮುಟ್ಟುವಂತಿಲ್ಲ. ಮಧ್ಯದಲ್ಲಿ ಏಳುವಂತಿಲ್ಲ. ಮುಖ್ಯ ಅತಿಥಿ ಚಮಚ ಕೆಳಗಿಟ್ಟರೆ ಎಲ್ಲರ ತಟ್ಟೆಯೂ ಹೋಗುತ್ತದೆ, ಕೊನೆಯಲ್ಲಿ ಕೂತ ಕಿರಿಯನಿಗೆ ಆಗತಾನೆ ಬಡಿಸಿದ್ದರೂ ಸರಿ. ಊಟದ ಕೊನೆಗೆ ಹಿರಿಯರು 'ಮಿಸ್ಟರ್ ವೈಸ್' ಅಂತ ಕರೆಯುತ್ತಾರೆ, ಮೇಜಿನ ಆ ತುದಿಯ ಕಿರಿಯ ಅಧಿಕಾರಿ ಎದ್ದು ರಾಷ್ಟ್ರಪತಿಯವರ ಹೆಸರಲ್ಲಿ ಟೋಸ್ಟ್ ಹೇಳಬೇಕು. ಒಂದೇ ಸಾಲು. ತಮ್ಮ ಅದನ್ನು ವಾರವಿಡೀ ಬಚ್ಚಲಲ್ಲಿ ಅಭ್ಯಾಸ ಮಾಡಿದ್ದನಂತೆ.

"ಇದೆಲ್ಲ ನಮ್ಮ ಪಂಕ್ತಿ ಊಟನೇ ಅಲ್ವೇನೋ" ಅಂದಳು ಅಮ್ಮ. ನಮ್ಮಲ್ಲೂ ಅಷ್ಟೇ. ಎಲ್ಲರಿಗೂ ಬಡಿಸಿ ಆಗುವವರೆಗೆ ಎಲೆ ಮುಟ್ಟುವಂತಿಲ್ಲ. ಹಿರಿಯರು 'ಭೋಜನಕಾಲೇ' ಅನ್ನಬೇಕು, ಎಲ್ಲರೂ 'ಗೋವಿಂದಾ' ಅನ್ನಬೇಕು. ಏಳುವುದೂ ಒಟ್ಟಿಗೇ. ಚಿಕ್ಕವನಿದ್ದಾಗ ತಮ್ಮ ಪಂಕ್ತಿಯಲ್ಲಿ ಯಾವಾಗಲೂ ಕೊನೆಗೆ ಉಳಿಯುತ್ತಿದ್ದ, ದೊಡ್ಡಪ್ಪ ಅವನಿಗಾಗಿ ಖಾಲಿ ಎಲೆಯಲ್ಲಿ ಕೈಯಾಡಿಸುತ್ತ ಕೂತಿರುತ್ತಿದ್ದರು. ಇಲ್ಲೂ ಕೆಲವು ಹಿರಿಯರು ಹಾಗೆ ಮಾಡುತ್ತಾರೆ ಅಂದ ತಮ್ಮ. ತುದಿಯ ಹುಡುಗರ ಕಡೆ ಒಮ್ಮೆ ನೋಡಿ, ಅವರ ತಟ್ಟೆ ಅರ್ಧವಾದ ಮೇಲೇ ಚಮಚ ಇಡುತ್ತಾರೆ.

ಅವರೆಕಾಳು ಅಷ್ಟರಲ್ಲಿ ಹುಳಿಯಾಗಿ ಬಂದಿತ್ತು. ಅಡುಗೆಯವರು ಒಡಿಶಾದವರು, ಅಮ್ಮ ಸಂಜೆ ಬಾಗಿಲ ಹತ್ತಿರ ನಿಂತು ಹೇಳಿಕೊಟ್ಟಿದ್ದಳು. ಸ್ವಲ್ಪ ಗರಂ ಮಸಾಲೆ ಬಿದ್ದಿತ್ತು, ಆದರೂ ಸೊಗಡು ಉಳಿದಿತ್ತು.

ಹೊರಗೆ ಬರುವಾಗ ಗೋಡೆಯ ಮೇಲೆ ವಾಯುಪಡೆಯ ಲಾಂಛನ. ಕೆಳಗೆ 'ನಭಃ ಸ್ಪೃಶಂ ದೀಪ್ತಂ' ಅಂತ ದೇವನಾಗರಿಯಲ್ಲಿ. ಅಮ್ಮ ನಿಂತಳು. ಅವಳು ಗೀತೆ ದಿನಾ ಓದುವವಳು. "ಇದು ಹನ್ನೊಂದನೇ ಅಧ್ಯಾಯದ್ದು" ಅಂದಳು. ಹೌದು, ಆಕಾಶ ಮುಟ್ಟುವ ಹೊಳಪು ಅಂತ ಅರ್ಥ ಅಂದ ತಮ್ಮ. ಪೂರ್ತಿ ಗೊತ್ತಾ ಅಂತ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಮೆಲುದನಿಯಲ್ಲಿ ಶ್ಲೋಕ ಹೇಳಿದಳು, 'ದೃಷ್ಟ್ವಾ ಹಿ ತ್ವಾಂ ಪ್ರವ್ಯಥಿತಾಂತರಾತ್ಮಾ ಧೃತಿಂ ನ ವಿಂದಾಮಿ ಶಮಂ ಚ ವಿಷ್ಣೋ' ಅನ್ನುವವರೆಗೆ. ಹರಿಯಾಣದ ಹುಡುಗ ಅರ್ಥ ಕೇಳಿದ. ವಿಶ್ವರೂಪ ನೋಡಿದ ಅರ್ಜುನ ಹೇಳುವ ಮಾತು. ನಿನ್ನನ್ನು ನೋಡಿ ನನ್ನ ಒಳಗೆಲ್ಲ ನಡುಗುತ್ತಿದೆ, ಧೈರ್ಯವೂ ಇಲ್ಲ, ನೆಮ್ಮದಿಯೂ ಇಲ್ಲ.

"ಮೊದಲ ಸಾಲು ನಿಮ್ದು ಮಕ್ಳೇ" ಅಂದಳು ಅಮ್ಮ. "ಎರಡನೇ ಸಾಲು ಮನೇಲಿರೋ ನಮ್ದು."

ತಮ್ಮ ಅದನ್ನು ಹಿಂದಿಗೆ ಹೇಳಿದ. ಪಾಲಕ್ಕಾಡಿನ ಹುಡುಗಿ ಬಂದು ಅಮ್ಮನ ತೋಳು ಹಿಡಿದುಕೊಂಡಳು, ಗೇಟಿನವರೆಗೂ ಬಿಡಲಿಲ್ಲ.

ಸೋಮವಾರ

ರಾತ್ರಿ ರೈಲಿಗೆ ಇನ್ನೂ ಹೊತ್ತಿತ್ತು. ಬೆಳಗ್ಗೆ ಮಂಜು ದಟ್ಟವಾಗಿತ್ತು. ಈ ಹೊತ್ತಿಗೆ ಅವರಿಗೆ ಬೆಳಗಿನ ಬ್ರೀಫಿಂಗ್ ನಡೆಯುತ್ತಿರುತ್ತದೆ. ಮೊದಲು ಎಲ್ಲರೂ ಗಡಿಯಾರ ಸರಿಮಾಡಿಕೊಳ್ಳುತ್ತಾರೆ, ಆಮೇಲೆ ಹವಾಮಾನ, ಆಮೇಲೆ ಒಬ್ಬ ಕಿರಿಯನನ್ನು ಎಬ್ಬಿಸಿ ಕೇಳುತ್ತಾರೆ, ಒಂದು ಎಂಜಿನ್ ನಿಂತರೆ ಏನು ಮಾಡುತ್ತೀಯ ಅಂತ. ಪುಸ್ತಕದಲ್ಲಿರುವ ಹಾಗೆ ಅನುಕ್ರಮ ತಪ್ಪದೆ ಹೇಳಬೇಕು. ತಡವರಿಸಿದರೆ ಅವತ್ತು ಹಾರಾಟ ಇಲ್ಲ, ಕೂತು ಓದು. ಇದನ್ನು ತಮ್ಮ ಹೇಳಿದ್ದು ಅಮ್ಮನ ಭಯ ಕಡಿಮೆಯಾಗಲಿ ಅಂತ. ಕಡಿಮೆ ಆಯಿತೋ ಇಲ್ಲವೋ, ಸಾಗರಕ್ಕೆ ಬಂದ ಮೇಲೆ ಅವಳು ಅಪ್ಪನಿಗೆ ಮೊದಲು ಹೇಳಿದ್ದು ಇದನ್ನೇ.

ಹತ್ತರ ಹೊತ್ತಿಗೆ ಬಿಸಿಲು ಬಂತು. ಪುಟ್ಟೇನಹಳ್ಳಿ ಕೆರೆಯ ಕಡೆ ನಡೆದೆವು, ಪಕ್ಷಿಗಳಿಗೆಂದೇ ಕಾಯ್ದಿಟ್ಟ ಕೆರೆ ಅದು. ಬೆಳಗ್ಗೆ ಬೇಗ ಹೋದರೆ ಹಕ್ಕಿ ಜಾಸ್ತಿ ಸಿಗುತ್ತವೆ, ನಾವು ಹೋದಾಗ ಕೆಲವು ಬೆಳ್ಳಕ್ಕಿ ಮಾತ್ರ. ದಾರಿಯಲ್ಲಿ ಸೌತೆಕಾಯಿ ಮಾರುವ ಅಜ್ಜಿ ಉಪ್ಪು ಖಾರ ಹಚ್ಚಿಕೊಡುತ್ತಿದ್ದಾಗ ಮೇಲೆ ದೊಡ್ಡ ಸದ್ದು. ರೆಕ್ಕೆಯ ಮೇಲೆ ಎರಡು ಎಂಜಿನ್. ಮಗ ಕುಣಿದಾಡಿಬಿಟ್ಟ, ಮಾಮ ಮಾಮ ಅಂತ. ಅದರಲ್ಲಿ ಅವನೇ ಇದ್ದನೋ ಬೇರೆ ಯಾರೋ, ನಮಗೆ ಹೇಗೆ ಗೊತ್ತಾಗಬೇಕು. ಅಮ್ಮ ಈ ಸಲ ತಲೆ ಎತ್ತಿ ನೋಡಿದಳು. ಕಾಣುವವರೆಗೂ ನೋಡಿದಳು. ಅಜ್ಜಿ, "ದಿನಾ ಹೋಯ್ತವೆ ಕಣವ್ವ, ದಿನಾ ವಾಪಸ್ ಬತ್ತವೆ" ಅಂದಳು.

ಕೆರೆಯಿಂದ ಲಾಡ್ಜ್‌ಗೆ ಬಂದು, ಉಪ್ಪಿನಕಾಯಿ ಕಲೆಯ ಬಟ್ಟೆ ಮಡಿಸುತ್ತಿದ್ದೆವು. ಅಮ್ಮನ ಫೋನ್ ಸದ್ದು ಮಾಡಿತು. ಹನ್ನೊಂದು ನಲವತ್ತು.

'ಊಟ ಆಯ್ತು.'

ಇಷ್ಟು ಬೇಗ ಏನು ಊಟ ಅಂತ ಅಮ್ಮ ಕೇಳಲಿಲ್ಲ. ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಒತ್ತಿ, 'ಆಯ್ತು ಪುಟ್ಟ' ಅಂತ ಕಳಿಸಿದಳು. ಆಮೇಲೆ ಬ್ಯಾಗಿನ ಜಿಪ್ ಎಳೆದಳು.